ಕೂದಲೆಳೆಯ ಕಾಲುವೆ

ನಮ್ಮ ಕಾಲೇಜಿನ ಪ್ರಯೋಗಾಲಯ ನೋಡಲು ಅನುದಾನ ಸಮಿತಿ ಬರುತ್ತದೆಂದು ಪ್ರಾಂಶುಪಾಲರು ಗೋಡೆಗೆ ಸುಣ್ಣ ಹಚ್ಚಿಸಿ, ಬಾಗಿಲಿಗೆ ತೋರಣ ಕಟ್ಟಿಸಿದರು. ವಿಜ್ಞಾನವೊಂದನ್ನು ಬಿಟ್ಟು ಉಳಿದದ್ದೆಲ್ಲ ತಯಾರಾಗಿತ್ತು. ಸಮಿತಿ ಅನುದಾನ ಕೊಡದಿದ್ದರೆ ಆ ಕೋಣೆ ಹಳೆಯ ಉತ್ತರಪತ್ರಿಕೆಗಳ ಗೋದಾಮಾಗುತ್ತಿತ್ತು. ರಸಾಯನಶಾಸ್ತ್ರ ಕಲಿಸುವ ನಾನು, ಶಿವರಂಜನಿ, ಅದರ ಕಾವಲಿಗೆ ಕೂರಬೇಕಾಗುತ್ತಿತ್ತು.

ನನ್ನ ಪ್ರಯೋಗವೆಲ್ಲ ಬೆಂಕಿಪೊಟ್ಟಣದಷ್ಟು ಪ್ಲಾಸ್ಟಿಕ್ ಚಿಪ್‌ನಲ್ಲೇ. ಅದರಲ್ಲಿ ಕೂದಲೆಳೆಯಂಥ ಕಾಲುವೆ, ಎರಡು ತುದಿಗೆ ಎರಡು ಗುಳಿ. ಉಪ್ಪುನೀರು ತುಂಬಿ, ಬೇಕರಿ ಕೇಕಿನ ಹಸಿರು ಬಣ್ಣವನ್ನು ಒಂದು ಹನಿ ಬಿಟ್ಟು ವಿದ್ಯುತ್ ಹರಿಸಿದರೆ ಹಸಿರು ಒಡೆದು ಹಳದಿ, ನೀಲಿ ಎರಡಾಗಬೇಕು. ಒಂದೊಂದು ಬಣ್ಣದ್ದು ಒಂದೊಂದು ವೇಗದ ಓಟ. ಚಿಪ್ ಮಾಡಿದ್ದು ಬೆಂಗಳೂರಿನ ಕಾರ್ಖಾನೆ ಎಂದು, ತೂಕ ಬರಲೆಂದು, ಅನುದಾನದ ಅರ್ಜಿಯಲ್ಲಿ ಬರೆದಿದ್ದೆ. ಕಾರ್ಖಾನೆಯವರು ನನ್ನ ಪತ್ರಕ್ಕೆ ಉತ್ತರ ಸಹ ಕೊಟ್ಟಿರಲಿಲ್ಲ. ಮಾಡಿದವರು ಬೆಟಗೇರಿಯ ಭಾಂಡೆ-ಪಾತ್ರೆ ಅಂಗಡಿಯ ಕಟ್ಟೆಯ ಮೇಲೆ ಕುಳಿತು, ಮದುವೆಯ ತಾಟು, ಕೊಡಗಳ ಮೇಲೆ ಉಡುಗೊರೆ ಕೊಟ್ಟವರ ಹೆಸರು ಕೊರೆಯುವ ಮರ್ದಾನಸಾಬರು.

ನಾಳೆ, ನಾಳೆ ಎನ್ನುತ್ತಿದ್ದ ಸಾಬರು ಸಮಿತಿ ಬರುವ ದಿನವೇ ಚಿಪ್ ತಂದರು. ಕೊಟ್ಟು ಹೋಗಲಿಲ್ಲ; ಬಣ್ಣ ಓಡುವುದನ್ನು ನೋಡಬೇಕೆಂದು ಮೂಲೆಯಲ್ಲಿ ನಿಂತರು. ಅಷ್ಟರಲ್ಲಿ ಸಮಿತಿಯ ಮೂವರು ಉಪ್ಪಿಟ್ಟು ಮುಗಿಸಿ ಒಳಗೆ ಬಂದರು. ಇವರು ಯಾರು ಎಂದು ಹಿರಿಯ ಅಧಿಕಾರಿ ಕೇಳಿದರು. ಪಂಖಾ ರಿಪೇರಿಗೆ ಬಂದವರು ಎಂದುಬಿಟ್ಟೆ. ಸಾಬರು ತಲೆಯೆತ್ತಿ ಪಂಖಾ ನೋಡಿದರು. ಅದು ಚೆನ್ನಾಗಿಯೇ ತಿರುಗುತ್ತಿತ್ತು.

ಮಸೂರದಡಿಯ ಚಿತ್ರ ಟಿವಿಯಲ್ಲಿ ಕಾಣುವಂತೆ ಮಾಡಿ ಸ್ವಿಚ್ ಒತ್ತಿದೆ. ಹಳದಿ ಮುಂದೆ, ನೀಲಿ ಹಿಂದೆ. ಸಮಿತಿ ಎದ್ದು ಕುಳಿತಿತು. ನನಗೆ ಕುಣಿಯುವಷ್ಟು ಖುಷಿ. ಆದರೆ ಕಾಲುವೆಯ ಕೊನೆಗೆ ಬಂದ ಹಳದಿ ನೆಟ್ಟಗೆ ಗುಳಿಗೆ ಇಳಿಯದೆ ಡೊಂಕಾಯಿತು, ಸುತ್ತಿತು, ಮತ್ತೆ ಸುತ್ತಿತು. ಅದು ಬರೆಯುತ್ತಿತ್ತು: ಮರ್ದಾನಸಾಬ. ನಲವತ್ತು ವರ್ಷ ಮಂದಿಯ ಹೆಸರು ಕೊರೆದ ಮನುಷ್ಯ ಮೊದಲ ಸಲ ತಮ್ಮ ಹೆಸರು ಕೊರೆದಿದ್ದರು, ಸಾಸಿವೆಯಷ್ಟು ಅಕ್ಷರದಲ್ಲಿ, ಸೂಜಿ ಎತ್ತದೆ, ಒಂದೇ ಎಳೆಯಲ್ಲಿ.

ಯಾರಿವರು ಮರ್ದಾನಸಾಬ ಎಂದು ಅಧಿಕಾರಿ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಮೂಲೆಯಿಂದ ಸಾಬರೇ ಮಾತಾಡಿದರು.

"ನಂಗೇನ್ ಗೊತ್ತಿಲ್ರಿ ಸಾಹೇಬ್ರ. ನಾ ಪಂಖಾದಂವ."

ಸುಳ್ಳು ಹೇಳಿದವಳು ನಾನು, ಅದನ್ನು ಹೊತ್ತುಕೊಂಡವರು ಅವರು.

"ಚಿಪ್ ಮಾಡಿದವ್ರು ಇವರ ರೀ. ಕಾರ್ಖಾನಿ, ಪಂಖಾ, ಎಲ್ಲಾ ನನ್ನ ಸುಳ್ಳು."

ಅಧಿಕಾರಿ ನನ್ನ ಅರ್ಜಿ ತೆಗೆದು ಮುಂದಿಟ್ಟರು. ಹಾಗಿದ್ದರೆ ತಿದ್ದಿ, ಆದರೆ ಸುಳ್ಳು ಬರೆದ ಅರ್ಜಿಗೆ ಅನುದಾನ ಸಿಗುವುದಿಲ್ಲವೆಂಬುದು ನೆನಪಿರಲಿ ಎಂದರು. ತಿದ್ದಬ್ಯಾಡ್ರಿ ಅಕ್ಕಾರ ಎಂದು ಸಾಬರು ಮೆಲ್ಲಗೆ ಹೇಳಿದರು. ಅನುದಾನ ಹೋದರೆ ಹೋಗಲಿ ಎಂದುಕೊಂಡೆ ಅಂದರೆ ಅದೂ ಸುಳ್ಳೇ. ಆದರೂ ಕಾರ್ಖಾನೆಯ ಹೆಸರು ಹೊಡೆದುಹಾಕಿ, ಸಾಬರ ಕಡೆ ತಿರುಗಿ, ಅವರ ತಂದೆಯ ಹೆಸರು ಕೇಳಿ, ಅಲ್ಲಿ ಅವರ ಪೂರ್ತಿ ಹೆಸರು ಬರೆದೆ.