ಅರ್ಧ ಚೀಲ

ಏಕಾಂತಯ್ಯನವರ ಮೇಲೆ ನನಗೆ ಇವತ್ತಿಗೂ ಕೋಪ ಇದೆ. ಹಂಗಂತ ಅವರು ಕೆಟ್ಟೋರಲ್ಲ. ಗುಬ್ಬೀಲಿ ಕೊಬ್ಬರಿ ಮಂಡಿ ಇಟ್ಕೊಂಡು, ದಿನಾ ಲಿಂಗಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಹಚ್ಕೊಂಡು ಬರೋ ಮರ್ಯಾದಸ್ಥರು. ಎರಡು ಸಾವಿರದ ಒಂದನೇ ಇಸವೀಲಿ ಮಂಡಿ ಪಕ್ಕದ ಕೋಣೇಲಿ ಹಳೇ ಕಂಪ್ಯೂಟರ್ ಒಂದನ್ನ ಇಟ್ಟು, 'ಇಮೇಲ್ ಸೆಂಟರ್' ಅಂತ ಬೋರ್ಡ್ ಬರೆಸಿ, ತುಮಕೂರಲ್ಲಿ ಡಿಪ್ಲೊಮಾ ಮುಗಿಸಿ ಬಂದ ನನ್ನನ್ನ ಕೂರಿಸಿದೋರೂ ಅವರೇ. ನನ್ನ ಕೋಪ ಎಲ್ಲಾ ಅವರ ಅರ್ಧ ಚೀಲದ ಮೇಲೆ.

ಇಡೀ ಸೆಂಟರ್‌ಗೆ ಇದ್ದಿದ್ದು ಒಂದೇ ಇಮೇಲ್ ವಿಳಾಸ. ಬೆಳಿಗ್ಗೆ ಒಂದ್ಸಲ, ಮಧ್ಯಾಹ್ನ ಒಂದ್ಸಲ ಫೋನ್ ಲೈನ್ ಸೇರಿಸಿ ಊರೋರ ಕಾಗದ ಎಲ್ಲಾ ಇಳಿಸ್ಕೋತಿದ್ದೆ. ಇಳಿಸಿದ ಮೇಲೆ ಆ ಕಡೆ ಕಾಪಿ ಉಳೀತಿರ್ಲಿಲ್ಲ. ನಮ್ಮ ಡಿಸ್ಕಲ್ಲೋ ಅಂಗೈ ಅಗಲ ಜಾಗ. ಅದಕ್ಕೇ ಕಾಗದ ಇಡೋಕೆ ನಾನೇ ಒಂದು ಪ್ರೋಗ್ರಾಂ ಬರೆದೆ. ಡಿಸ್ಕನ್ನ ಒಂದೇ ಅಳತೆಯ ಬ್ಲಾಕ್‌ಗಳಾಗಿ ಹಂಚಿ ಒಂದೊಂದಕ್ಕೂ ನಂಬರ್ ಕೊಟ್ಟೆ. ಒಂದು ಬ್ಲಾಕಲ್ಲಿ ಐನೂರು ಅಕ್ಷರ. ಕಾಗದ ಉದ್ದ ಆದ್ರೆ, ಮುಂದಿಂದು ಯಾವ ನಂಬರಲ್ಲಿದೆ ಅಂತ ಬ್ಲಾಕಿನ ಕೊನೇಲಿ ಬರೆದಿರುತ್ತೆ. ಕಾಗದ ಅಳಿಸಿದ್ರೆ ಅದರ ಬ್ಲಾಕೆಲ್ಲ ಖಾಲಿ ಪಟ್ಟಿಗೆ ಹೋಗುತ್ತೆ, ಹೊಸ ಕಾಗದ ಬಂದು ಅಲ್ಲಿ ಕೂರುತ್ತೆ.

ಇಷ್ಟನ್ನೂ ಏಕಾಂತಯ್ಯನವರಿಗೆ ಬಿಡಿಸಿ ಹೇಳಿದೆ. ಎಲ್ಲಾ ಕೇಳಿ, "ಅಂದ್ರೆ ಚೀಲ" ಅಂದ್ರು.

"ಹೂಂ ಸಾವ್ಕಾರ್ರೆ, ಚೀಲ ಅಂದ್ಕೊಳ್ಳಿ."

"ಕೊನೇ ಚೀಲ ಅರ್ಧ ಮಾತ್ರ ತುಂಬಿದ್ರೆ?"

"ಮಿಕ್ಕಿದ್ದು ಖಾಲಿ ಇರುತ್ತೆ."

ಅವರ ಮುಖ ಸಪ್ಪಗಾಯ್ತು. ಮೂರು ದಿನ ನನ್ನ ತಲೆ ತಿಂದ್ರು. "ಅರ್ಧ ಚೀಲ ಯಾರಾದ್ರೂ ಗೋಡೌನಲ್ಲಿ ಕೂರಿಸ್ತಾರೇನಮ್ಮ? ನಮ್ಮಪ್ಪ ಇದ್ದಿದ್ರೆ ನನ್ನ ಮನೆಯಿಂದ ಆಚೆ ಹಾಕೋರು. ಮುಂದಿನವ್ನ ಮಾಲು ಅದರಲ್ಲೇ ತುಂಬ್ಸು." ಆಗಲ್ಲ ಅನ್ನಬೇಕಿತ್ತು ನಾನು. ಆಗಲ್ಲ ಅಂದ್ರೆ ಇವಳಿಗೆ ಬರಲ್ಲ ಅಂದ್ಕೊಂಡಾರು ಅನ್ನೋ ಕೊಬ್ಬು ನನಗೆ. ತುಂಬಿಸಿದೆ. ಒಂದು ಕಾಗದ ಮುಗಿದ ಜಾಗದಲ್ಲೇ ಇನ್ನೊಂದು ಶುರು.

ಅದೇ ಸಮಯಕ್ಕೆ ಮನೇಲಿ ನನ್ನ ಮದುವೆ ಮಾತು ನಡೀತಿತ್ತು. ಹುಡುಗ ಕುಣಿಗಲ್ಲಿನ ನಯೀಮ್, ರೇಡಿಯೋ ಟೇಪ್‌ರೆಕಾರ್ಡರ್ ರಿಪೇರಿ ಅಂಗಡಿ. ನೋಡೋಕೆ ಬಂದವನು ತಲೆ ಎತ್ತಲೇ ಇಲ್ಲ. ನಮ್ಮನೆ ಕೆಟ್ಟ ರೇಡಿಯೋನೇ ನೋಡ್ತಾ ಕೂತಿದ್ದು, ಹೋಗೋವಾಗ ಸರಿ ಮಾಡಿಟ್ಟು ಹೋದ. ನನಗೆ ಹಿಡಿಸ್ದ. ಹೇಳೋಕೆ ನಾಚಿಕೆ ಏನು, ಬಹಳ ಹಿಡಿಸ್ದ. ಆದ್ರೂ ಒಂದು ಮಾತು ತಿಳೀದೆ ಒಪ್ಪಲ್ಲ ಅಂತ ಅಮ್ಮಿಗೆ ಖಡಾಖಂಡಿತ ಹೇಳಿ, ಅವನಿಗೇ ಇಮೇಲಲ್ಲಿ ಕೇಳಿದ್ದೆ: ಮದುವೆ ಆದ ಮೇಲೆ ನಾನು ಕಂಪ್ಯೂಟರ್ ಕೆಲಸ ಮುಂದುವರಿಸಬಹುದಾ? ಭಾನುವಾರ ಅವನ ಮನೆಯೋರು ಮಾತು ಮುಗಿಸೋಕೆ ಬರೋರಿದ್ರು. ಅಷ್ಟರಲ್ಲಿ ನಾನು ಹೂಂ ಅನ್ಬೇಕು, ಇಲ್ಲ ಊಹೂಂ ಅನ್ಬೇಕು.

ಬುಧವಾರ ಬೆಳಿಗ್ಗೆ ಉತ್ತರ ಬಂತು. ಸುತ್ತ ಜನ ಇದ್ರು, ಆಮೇಲೆ ನಿಧಾನಕ್ಕೆ ಓದೋಣ ಅಂತ ಬಿಟ್ಟೆ. ಮಧ್ಯಾಹ್ನದ ಕಾಗದಾನೂ ಇಳಿಸಿ, ಬಾಗಿಲು ಮುಂದೆ ಮಾಡಿ, ತೆಗೆದೆ. ಸಲಾಮ್, ಅಮ್ಮಿ ಹೇಗಿದಾರೆ, ರೇಡಿಯೋ ಹೇಗಿದೆ, ಎಲ್ಲಾ ಆದ ಮೇಲೆ ಹೀಗಿತ್ತು:

"ಇನ್ನು ನೀವು ಕೆಲಸ ಮಾಡೋ ವಿಚಾರ. ಇದರಲ್ಲಿ ನನ್ನ ಅಭಿಪ್ರಾಯ ಏನಂದ್ರೆ ಏಕಾಂತಯ್ಯನವರಿಗೆ ನಮಸ್ಕಾರಗಳು. ಕಳೆದ ಲೋಡಲ್ಲಿ ಬೂಷ್ಟು ಜಾಸ್ತಿ ಇತ್ತು. ಚೆನ್ನಾಗಿ ಬಿಸಿಲಿಗೆ ಹಾಕಿ ಕಳಿಸಿ. ಇಂತಿ ಶಿವರಾಮಯ್ಯ, ತಿಪಟೂರು."

ಎರಡು ನಿಮಿಷಕ್ಕೆ ಅರ್ಥ ಆಯ್ತು. ನಯೀಮ್ ಕಾಗದದ ಕೊನೆ ನಲವತ್ಮೂರನೇ ಬ್ಲಾಕಿನ ಮೊದಲರ್ಧದಲ್ಲಿತ್ತು. ಮಿಕ್ಕರ್ಧಕ್ಕೆ ಕೊಬ್ಬರಿ ವ್ಯಾಪಾರಿ ಶಿವರಾಮಯ್ಯನವರ ಬೆಳಗಿನ ಕಾಗದ ತುಂಬಿತ್ತು. ಅದನ್ನ ಏಕಾಂತಯ್ಯ ಓದಿ ಅಳಿಸಿದ್ರು. ನನ್ನ ಪ್ರೋಗ್ರಾಂ ಇಡೀ ಬ್ಲಾಕೇ ಖಾಲಿ ಅಂತ ಬರ್ಕೊಂಡು, ಮಧ್ಯಾಹ್ನ ಬಂದ ಶಿವರಾಮಯ್ಯನವರ ಎರಡನೇ ಕಾಗದಾನ ತಂದು ನನ್ನ ಉತ್ತರದ ಮೇಲೆ ಕೂರಿಸಿತ್ತು. ಬ್ಲಾಕನ್ನೇ ಬಿಚ್ಚಿ ಹುಡುಕಿದೆ. ಬೂಷ್ಟಿನ ಆಚೆ ನಯೀಮಿಂದು ಒಂದೇ ಮಾತು ಉಳಿದಿತ್ತು: ಖುದಾ ಹಾಫಿಜ್. ಅದನ್ನ ಇಟ್ಕೊಂಡು ನಾನು ಏನು ಮಾಡ್ಲಿ?

ಸೀದಾ ಮಂಡಿಗೆ ಹೋದೆ. ಎದುರಿಗೆ ಹಮಾಲಿಗಳಿದ್ದಾರೆ ಅನ್ನೋದೂ ನೋಡ್ದೆ, "ನಿಮ್ಮ ಅರ್ಧ ಚೀಲಕ್ಕಿಷ್ಟು ಬೆಂಕಿ ಹಾಕ" ಅಂತ ಶುರು ಮಾಡಿ ಎಲ್ಲಾ ಹೇಳಿದೆ. ಏಕಾಂತಯ್ಯ ತಾಳ್ಮೆಯಿಂದ ಕೇಳಿ, ಒಂದು ತುಂಬಿದ ಚೀಲದ ಬಾಯಿ ಬಿಚ್ಚಿ, ಕೊಬ್ಬರಿ ಸರಿಸಿ ತೋರಿಸಿದ್ರು. ನಡುವೆ ಒಂದು ಗೋಣಿ ತುಂಡು.

"ಇಬ್ಬರ ಮಾಲು ಒಂದೇ ಚೀಲಕ್ಕೆ ತುಂಬಿದ್ರೆ ಮಧ್ಯೆ ಇದನ್ನ ಇಡ್ತೀವಿ ಕಣಮ್ಮ. ಖಾಲಿ ಮಾಡೋನಿಗೆ, ಕೆಳಗೆ ಬೇರೆಯವ್ರದ್ದಿದೆ ಅಂತ ಗೊತ್ತಾಗ್ಬೇಕಲ್ಲ. ನೀನು ಇಟ್ಟಿಲ್ವ?"

"ನೀವು ಹೇಳಿದ್ರಾ?"

"ನೀನು ಕೇಳಿದ್ಯಾ? ಡಿಪ್ಲೊಮಾ ಓದಿದೋಳಿಗೆ ನಾನೇನು ಹೇಳೋದು ಅಂದ್ಕೊಂಡೆ."

ಅಲ್ಲೇ ತಕ್ಕಡಿ ಪಕ್ಕ ಕೂತು ಅತ್ತುಬಿಟ್ಟೆ.

"ಅಳ್ಬೇಡ. ಇನ್ನೊಂದು ಸಲ ಕೇಳಿದ್ರಾಯ್ತಪ್ಪ" ಅಂದ್ರು.

"ಏನಂತ ಕೇಳ್ಲಿ? ಈ ಕೆಲಸ ಬಿಡಲ್ಲ ಅಂತ ಹಟ ಹಿಡಿದೋಳು ನಾನು. ಈ ಕೆಲಸಾನೇ ನೆಟ್ಟಗೆ ಮಾಡೋಕೆ ಬರ್ಲಿಲ್ಲ, ನಿಮ್ಮ ಕಾಗದ ಕಳೆದುಹಾಕಿದೆ ಅಂತ ಬರೀಲಾ? ಪ್ರಾಣ ಹೋದ್ರೂ ಬರೆಯಲ್ಲ."

ಮಾರನೇ ದಿನ ಏಕಾಂತಯ್ಯ ಮಂಡಿಗೆ ಬರಲಿಲ್ಲ. ಸಾಯಂಕಾಲ ಧೂಳು ತುಂಬಿದ ಪಂಚೇಲಿ ಬಂದು, ಜೇಬಿಂದ ನಾಲ್ಕು ಮಡಿಕೆ ಮಾಡಿದ ಹಾಳೆ ತೆಗೆದು ಕೊಟ್ರು. ಬೆಳಿಗ್ಗೆ ಬಸ್ ಹಿಡಿದು, ತುಮಕೂರಲ್ಲಿ ಬದಲಾಯಿಸಿ, ಕುಣಿಗಲ್ಲಿಗೆ ಹೋಗಿ, ನಯೀಮ್ ಅಂಗಡಿ ಹುಡುಕಿ, "ನನ್ನ ತಪ್ಪಿಂದ ನಿಮ್ಮ ಕಾಗದದ ಕೊನೆ ಹೋಯ್ತು, ಅಷ್ಟು ಮಾತ್ರ ಬರೆದುಕೊಡಿ" ಅಂತ ಕೇಳಿದ್ರಂತೆ. ತಪ್ಪು ಪೂರಾ ತಮ್ಮದೇ ಅಂತ ಹೇಳ್ಕೊಂಡಿದ್ರು.

ಬಿಚ್ಚಿದೆ. ನಯೀಮ್ ಕೈಬರಹ.

"ಕೆಲಸ ಬಿಡಬೇಡಿ. ನನ್ನ ಅಂಗಡೀಲಿ ಅರ್ಧ ಜಾಗ ಖಾಲಿ ಮಾಡಿಟ್ಟಿದೀನಿ, ಕಂಪ್ಯೂಟರ್ ಅಲ್ಲೇ ಇಟ್ಕೋಬಹುದು. ಸಾವ್ಕಾರ್ರು ತಪ್ಪು ತಮ್ಮದು ಅಂತಿದಾರೆ, ನಾನು ನಂಬಿಲ್ಲ. ಬರೋ ಮುಂಚೆ ಆ ಪ್ರೋಗ್ರಾಂ ರಿಪೇರಿ ಮಾಡ್ಕೊಂಡು ಬನ್ನಿ. ಮಾಡೋಕೆ ಆಗದಿದ್ರೆ ಹಂಗೇ ತಗೊಂಡು ಬನ್ನಿ, ಇಬ್ಬರೂ ಕೂತು ನೋಡೋಣ."

ಅದರ ಕೆಳಗೆ ಪೆನ್ಸಿಲಲ್ಲಿ ಏಕಾಂತಯ್ಯನವರ ಅಕ್ಷರ: "ಕುಣಿಗಲ್ ಕಡೆ ಕಾಯಿ ದಪ್ಪ. ಕೊತ್ತಗೆರೆ ಕಾಯಿ ನೀರು ಜಾಸ್ತಿ. ಬಸ್ಸಲ್ಲಿ ಸಿಕ್ಕ ನರಸಯ್ಯನ ಹತ್ರ ಎರಡು ಲೋಡ್ ಇದೆಯಂತೆ, ವಿಚಾರಿಸುವುದು."

"ಸಾವ್ಕಾರ್ರೆ, ಇದೇನಿದು?"

"ಅರ್ಧ ಹಾಳೆ ಖಾಲಿ ಇತ್ತು ಕಣಮ್ಮ" ಅಂದ್ರು ಮೆಲ್ಲಗೆ. ಆಮೇಲೆ ಬೆರಳಿಟ್ಟು ತೋರಿಸಿದ್ರು. "ಈ ಸಲ ಮಧ್ಯೆ ಗೆರೆ ಎಳ್ದಿದೀನಿ ನೋಡು."

ಮನೇಲಿ ಅಮ್ಮಿ ಕನ್ನಡಕ ಹಾಕ್ಕೊಂಡು ಹಾಳೆ ಪೂರಾ ಓದಿದ್ರು, ಗೆರೆಯಿಂದ ಮೇಲೂ ಕೆಳಗೂ. ಓದಿ ಮಡಿಚಿ ನನ್ನ ಕೈಗೆ ಕೊಟ್ಟು, "ಹುಡುಗ ಒಳ್ಳೆಯವನೇ. ತೆಂಗಿನಕಾಯಿ ವ್ಯಾಪಾರಾನೂ ಮಾಡ್ತಾನೆ ಅಂತ ಯಾಕೆ ಹೇಳ್ಲಿಲ್ಲ?" ಅಂದ್ರು.

ನಾನು ಹೂಂ ಅಂದೆ.