ನಾಲ್ಕು ಮನೆ ಕೆಳಗೆ

ಬ್ಯಾಟರಿ ಸೋರಿತ್ತು. ಕೀಬೋರ್ಡನ್ನು ಊಟದ ಮೇಜಿನ ಮೇಲೆ ಬೋರಲು ಹಾಕಿ ಮುಚ್ಚಳ ತೆಗೆದ ಅಕ್ಕನಿಗೆ ಆರೂ ಸೆಲ್ಲುಗಳ ಬುಡದಲ್ಲಿ ಬಿಳಿ ಹಿಟ್ಟು ಕಂಡಿತು. ಇವತ್ತೇ ಆಗಬೇಕಿತ್ತೆ ಇದು! ಸೆಲ್ಲು ಕಿತ್ತು ಬಿಸಾಡಿ, ವಿನೆಗರಿನಲ್ಲಿ ಅದ್ದಿದ ಹತ್ತಿಯಿಂದ ಸ್ಪ್ರಿಂಗುಗಳನ್ನು ಒಂದೊಂದಾಗಿ ತಿಕ್ಕಿ, ಒರೆಸಿ, ಆರಲು ಬಿಟ್ಟಳು. ಹದಿನೆಂಟು ವರ್ಷದ ಕೀಬೋರ್ಡು. ಮನೆಪಾಠದ ಮಕ್ಕಳು ಗುದ್ದಿ ಗುದ್ದಿ ಎಷ್ಟೋ ಸಲ ಅದರ ಬಾಯಿ ಕಟ್ಟಿಸಿದ್ದರು. ಪ್ರತಿ ಸಲವೂ ಅವಳೇ ತಿರುಪು ಬಿಚ್ಚಿ, ಬೆರಳೊತ್ತುವ ಮನೆಗಳ ಅಡಿಯ ರಬ್ಬರು ಒರೆಸಿ ಮಾತು ಬರಿಸಿದ್ದಳು.

"ಅಕ್ಕಾ, ಕಾರು ಬಂತು!" ಬಾಗಿಲಿನಿಂದ ತಂಗಿ ಕೂಗಿದಳು. "ನಿನ್ನ ಮುದಿ ರೋಗಿಗೆ ಇನ್ನೂ ಎಷ್ಟು ಹೊತ್ತು ಉಪಚಾರ ಮಾಡ್ತೀಯ?"

"ಬಂದೆ ಕಣೇ. ಕೂಗಬೇಡ, ಗಂಟಲು!"

"ಗಂಟಲಿಗೇನಾಗಿದೆ ಧಾಡಿ? ಕಲ್ಲುಗುಂಡಿನ ಹಾಗಿದೆ."

ಅಕ್ಕ ತಲೆ ಎತ್ತಲಿಲ್ಲ. ಮುಚ್ಚಳ ಒತ್ತಿ, ಕೀಬೋರ್ಡನ್ನು ಚೀಲಕ್ಕೆ ತುರುಕಿದಳು.

ತಂಗಿ ನಾಟಕ ಕಂಪನಿಯ ಹಾಡುಗಾರ್ತಿ. ಹೋದ ವರ್ಷ ಗಂಟಲಲ್ಲಿ ಗಂಟು ಕಾಣಿಸಿಕೊಂಡು ಕತ್ತರಿ ಹಾಕಿಸಬೇಕಾಯಿತು. ದನಿ ಬಂದರೂ ಬರಬಹುದು, ಬರದೆಯೂ ಇರಬಹುದು ಎಂದು ಡಾಕ್ಟರು ಕೈತೊಳೆದುಕೊಂಡರು. ಮೊದಲ ದಿನ ಹಾಡಲು ಕೂತಾಗ ಮೇಲಿನ ಸ್ವರದಲ್ಲಿ ಗಂಟಲು ಕೈಕೊಟ್ಟಿತು. ಅವತ್ತು ಗೋಡೆಯ ಕಡೆ ಮುಖ ಮಾಡಿ ಮಲಗಿದವಳು ಇಪ್ಪತ್ತೆರಡು ದಿನ ಈ ಕಡೆ ತಿರುಗಲಿಲ್ಲ. ತಟ್ಟೆ ಹೋದ ಹಾಗೇ ವಾಪಸು ಬರುತ್ತಿತ್ತು. ಮನೆಯ ಮಾತ್ರೆಗಳನ್ನೆಲ್ಲ ಅಕ್ಕ ಬೀರುವಿನಲ್ಲಿಟ್ಟು, ಬೀಗದ ಕೈಯನ್ನು ಕೊರಳಿಗೆ ಹಾಕಿಕೊಂಡು ಓಡಾಡಿದಳು.

ಇಪ್ಪತ್ತಮೂರನೆಯ ದಿನ ಅಕ್ಕನಿಗೆ ಒಂದು ಗುಂಡಿ ನೆನಪಾಯಿತು. ಕೀಬೋರ್ಡಿನಲ್ಲಿ ಶ್ರುತಿ ಬದಲಿಸುವ ಗುಂಡಿ ಇರುತ್ತದೆ. ಒಂದು ಸಲ ಒತ್ತಿದರೆ ಅದೇ ಮನೆಗಳು ಒಂದು ಮನೆ ಕೆಳಗಿನ ದನಿ ಕೊಡುತ್ತವೆ. ನುಡಿಸುವ ಬೆರಳು ಮಾತ್ರ ಇದ್ದಲ್ಲೇ ಇರುತ್ತದೆ. ಚಿಕ್ಕಂದಿನಿಂದಲೂ ತಂಗಿ ಶ್ರುತಿಯನ್ನು ನೋಡಿ ತಿಳಿದದ್ದು ಅಕ್ಕನ ಬೆರಳಿನಲ್ಲಿ. ಬೆರಳು ಹಳೆಯ ಮನೆಯಲ್ಲಿದ್ದರೆ ಶ್ರುತಿಯೂ ಹಳೆಯದೇ ಎಂದು ನಂಬುವವಳು. ಅಕ್ಕ ಒಂದು ಸಲ ಒತ್ತಿ ನುಡಿಸಿದಳು. ತಂಗಿ ಎದ್ದು ಕೂತು ಹಾಡಿದಳು, ಅತ್ತಳು, ಎರಡು ಸಲ ಬಡಿಸಿಕೊಂಡು ಉಂಡಳು.

ಆಮೇಲೆ ದನಿ ಇನ್ನೂ ಕುಗ್ಗಿತು. ಒಂದು ಎರಡಾಯಿತು, ಎರಡು ನಾಲ್ಕಾಯಿತು. ಅಂಕಿ ತೋರಿಸುವ ಪುಟ್ಟ ಪರದೆಗೆ ಅಕ್ಕ ಕಾಗದ ಅಂಟಿಸಿ "ಅದು ಕೆಟ್ಟಿದೆ, ಮುಟ್ಟಬೇಡ" ಅಂದಿದ್ದಳು. ಕೀಬೋರ್ಡು ಒಮ್ಮೆ ಆರಿದರೆ ಅಂಕಿ ಸೊನ್ನೆಗೆ ಮರಳುತ್ತದೆ. ಹಾಗಾಗಿ ದಿನಾ ತಂಗಿ ಸ್ನಾನಕ್ಕೆ ಹೋದಾಗ ನಾಲ್ಕು ಸಲ ಒತ್ತಿಡುವುದು ಅವಳಿಗೆ ಒಲೆ ಹೊತ್ತಿಸುವಷ್ಟೇ ರೂಢಿಯಾಗಿತ್ತು.

ಇವತ್ತು ಕಂಪನಿಯವರು ಪರೀಕ್ಷೆಗೆ ಕರೆದಿದ್ದರು. ನನ್ನ ಅಕ್ಕನೇ ನುಡಿಸಲಿ ಎಂದು ತಂಗಿ ಹಟ ಹಿಡಿದಿದ್ದಳು. ನಾಳೆ ಅವರ ವಾದ್ಯದ ಜೊತೆ ಹಾಡಬೇಕಾದರೆ? ಅಕ್ಕ ಅದನ್ನು ಯೋಚಿಸಿರಲಿಲ್ಲ.

ಅರ್ಧ ದಾರಿಯಲ್ಲಿ ನೆನಪಾಯಿತು. ಹೊಸ ಸೆಲ್ಲುಗಳು ಮೇಜಿನ ಮೇಲೇ ಉಳಿದಿದ್ದವು. ಅಡಾಪ್ಟರಿನ ಪಿನ್ನು ಸಡಿಲ. ಅದು ಕಳಚಿದಾಗಲೆಲ್ಲ ಮಾನ ಕಾಯುತ್ತಿದ್ದುದು ಆ ಸೆಲ್ಲುಗಳೇ.

"ಯಾಕೆ ಬೆವರ್ತಿದ್ದೀಯ? ಪರೀಕ್ಷೆ ನಂದೋ ನಿಂದೋ?" ತಂಗಿ ನಕ್ಕಳು.

ತಾಲೀಮಿನ ಕೋಣೆ ಎರಡನೇ ಮಹಡಿಯಲ್ಲಿತ್ತು. ಕನ್ನಡಕವನ್ನು ಹಣೆಗೇರಿಸಿಕೊಂಡ ಸಂಗೀತದ ಮೇಷ್ಟ್ರು, ಡ್ರಮ್ಮಿನವನು, ಗೋಡೆಗೆ ಒರಗಿದ ಏಳೆಂಟು ಜನ ನಟರು. ತಂಗಿ ಎಲ್ಲರನ್ನೂ ಮಾತಾಡಿಸುತ್ತಿದ್ದಾಗ ಅಕ್ಕ ಪಿನ್ನಿಗೆ ಟೇಪು ಸುತ್ತಿ ನಾಲ್ಕು ಸಲ ಒತ್ತಿದಳು.

ಮೊದಲ ನುಡಿ ಚೆನ್ನಾಗಿ ಬಂತು. ಮೇಷ್ಟ್ರು ಕಣ್ಣು ಮುಚ್ಚಿದರು, ಹುಬ್ಬು ಮಾತ್ರ ಗಂಟಿಕ್ಕಿತ್ತು. ಅಷ್ಟರಲ್ಲಿ ಯಾರೋ ಕುರ್ಚಿ ಎಳೆದರು. ಕಾಲಿಗೆ ವೈರು ಸಿಕ್ಕಿ ಕೀಬೋರ್ಡು ಆರಿಹೋಯಿತು. ಅಕ್ಕ ಪಿನ್ನು ಚುಚ್ಚಿದಳು. ದೀಪ ಬಂತು. ಗುಂಡಿ ಒತ್ತುವುದು ನೆನಪಾಗುವ ಮುಂಚೆಯೇ ಕೈ ಮನೆಗಳ ಮೇಲೆ ಬಿದ್ದುಬಿಟ್ಟಿತು.

"ಇದೇನಮ್ಮ, ಈಗ ಸರಿಯಾದ ಶ್ರುತಿಗೆ ಬಂತು!" ಮೇಷ್ಟ್ರು ಕಣ್ಣು ಬಿಟ್ಟರು. "ಆಗ ಯಾಕೆ ಅಷ್ಟು ಕೆಳಗಿತ್ತು? ಕೇಳಬೇಕು ಅಂತಿದ್ದೆ."

"ಹಳೇ ಸಾಮಾನು ಮೇಷ್ಟ್ರೇ, ಬಿಸಿಯಾದ್ರೆ ಹೀಗೇ..." ಅನ್ನುತ್ತಲೇ ಅವಳ ಬೆರಳು ಗುಂಡಿಯನ್ನು ಒತ್ತಿತು. ಒಂದು. ಎರಡು.

ತಂಗಿ ಆ ಬೆರಳನ್ನು ನೋಡಿದಳು. ಬಾಗಿ, ಉಗುರಿನಿಂದ ಕಾಗದ ಎಬ್ಬಿಸಿದಳು. ಪರದೆಗೆ ಏನೂ ಆಗಿರಲಿಲ್ಲ. ಹಸಿರು ಬೆಳಕಿನಲ್ಲಿ ಋಣಚಿಹ್ನೆಯೊಂದಿಗೆ ಎರಡು ಎಂದಿತ್ತು.

"ಸೊನ್ನೆಗೆ ತಾ."

"ಬೇಡ ಕಣೇ. ನನ್ನಾಣೆ, ಬೇಡ."

"ತಾ ಅಂದೆ."

ಅಕ್ಕ ತಂದಳು. ತಂಗಿ ನೆಟ್ಟಗೆ ನಿಂತು ಹಾಡು ಎತ್ತಿಕೊಂಡಳು. ಎರಡು ಸಾಲು ಹೇಗೋ ನಿಂತವು. ಮೂರನೆಯದು ಮೇಲಕ್ಕೇರುವ ಕಡೆ ಬರೀ ಗಾಳಿ ಬಂತು. ಆದರೂ ಅವಳು ಸಾಲು ಮುಗಿಯುವ ತನಕ ಬಾಯಿ ತೆರೆದೇ ನಿಂತಿದ್ದಳು. ಅಕ್ಕ ನಿಲ್ಲಿಸಲಿಲ್ಲ. ತಾನು ನಿಲ್ಲಿಸಿದರೆ ಬರುವ ದನಿಯೂ ಬರದೆ ಹೋದೀತು ಎಂಬಂತೆ ಮೂರನೆಯ ಸಾಲನ್ನೇ ಮತ್ತೆ ಮತ್ತೆ ನುಡಿಸಿದಳು. ಡ್ರಮ್ಮಿನವನು ಎದ್ದು ಬಂದು ಅವಳ ಮಣಿಕಟ್ಟು ಹಿಡಿದ.

"ಸ್ವಲ್ಪ ದಿನ ಬಿಟ್ಟು ನೋಡೋಣಮ್ಮ," ಅಂದರು ಮೇಷ್ಟ್ರು, ಕನ್ನಡಕ ಒರೆಸುತ್ತ.

ಚೀಲದ ಆ ತುದಿ ತಂಗಿ, ಈ ತುದಿ ಅಕ್ಕ ಹಿಡಿದು ಮೆಟ್ಟಿಲಿಳಿಯತೊಡಗಿದರು. ಮುಂದಿದ್ದ ತಂಗಿ ತಿರುಗದೆಯೇ ಕೇಳಿದಳು.

"ಎಷ್ಟಿತ್ತು?"

"ನಾಲ್ಕು."

"ಯಾವಾಗಿಂದ?"

"ನೀನು ಊಟ ಮಾಡಿದ ದಿನ ಒಂದು. ಆಮೇಲೆ ಇಳೀತಾ ಬಂತು." ಅಕ್ಕ ಚೀಲವನ್ನು ಇನ್ನೊಂದು ಕೈಗೆ ಬದಲಿಸಿದಳು. "ಬಯ್ಯೇ. ಏನಾದ್ರೂ ಅನ್ನು."

ತಂಗಿ ನಾಲ್ಕು ಮೆಟ್ಟಿಲು ಕಳೆದ ಮೇಲೆ, "ಎಲ್ಲೀತನಕ ಇಳಿಯುತ್ತೆ ಅದು?" ಅಂದಳು.

"ಹನ್ನೆರಡು."

"ಹಾಗಾದ್ರೆ ಇನ್ನೂ ಎಂಟಿದೆ."

ನಕ್ಕಳೋ, ಇಲ್ಲವೋ, ಅಕ್ಕನಿಗೆ ಬೆನ್ನಷ್ಟೇ ಕಾಣುತ್ತಿತ್ತು. ಮೆಟ್ಟಿಲಿನ ತಿರುವಿನಲ್ಲಿ ಕೀಬೋರ್ಡು ಹೊರಳದೆ ಗೋಡೆಗೆ ಸಿಕ್ಕಿಕೊಂಡಿತು. ಇಬ್ಬರೂ ಸೇರಿ ಅದನ್ನು ಕಂಬದ ಹಾಗೆ ನೆಟ್ಟಗೆ ಎತ್ತಿ ಹಿಡಿದರು. ಅದರಾಚೆ ತಂಗಿಯ ಮುಖ ಮರೆಯಾಯಿತು. ಚೀಲದ ಅಂಚನ್ನು ಬಿಗಿಹಿಡಿದ ಎಂಟು ಬೆರಳು ಮಾತ್ರ ಈ ಕಡೆಗೆ ಕಾಣುತ್ತಿದ್ದವು. ಮೇಲೆ ಡ್ರಮ್ಮು ಶುರುವಾಯಿತು. ಬೇರೆ ಯಾರೋ ಅದೇ ಹಾಡನ್ನು ಮೊದಲಿನಿಂದ ಎತ್ತಿಕೊಂಡರು.