ನುಚ್ಚಕ್ಕಿಯ ಯಾಯ್ ಪೆಂದಾ

ಪೆಂದಾ ಸೆಕ್ ಅವರು ಅಕ್ಕಿಯನ್ನು ಕಣ್ಣಿನಿಂದ ನೋಡಿ ನಂಬಿದವರಲ್ಲ, ಕಿವಿಯಿಂದ ಕೇಳಿ ನಂಬಿದವರು. ನಮ್ಮೂರು ಕವೊಲಾಕಿನ ಸಂತೆಯ ಧಾನ್ಯದ ಸಾಲಿನಲ್ಲಿ ಹೊಸ ಮೂಟೆ ಬಿಚ್ಚಿದಾಗಲೆಲ್ಲ ಒಂದು ಹಿಡಿ ತೆಗೆದು, ತಗಡಿನ ತಟ್ಟೆಯ ಮೇಲೆ ಮೊಳದೆತ್ತರದಿಂದ ಸುರಿದು, ತಲೆವಸ್ತ್ರದ ಅಂಚನ್ನು ಕಿವಿಯಿಂದ ಸರಿಸಿಕೊಂಡು, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಇಡೀ ಕಾಳು ಬಿದ್ದರೆ ಟಣಟಣ ಎನ್ನುತ್ತದೆ, ನುಚ್ಚು ಬಿದ್ದರೆ ಸರ್ರೆನ್ನುತ್ತದೆ ಎಂಬುದು ಅವರ ಶಾಸ್ತ್ರ. ಆ ಸದ್ದನ್ನು ಹುಡುಕಿಕೊಂಡು ಅವರು ವಿಯೆಟ್ನಾಮಿನವರೆಗೆ ಹೋಗಿಬಂದರು, ಜೊತೆಗೆ ನಾನಿದ್ದೆ.

ತಲೆಯ ಮೇಲೆ ಬುಟ್ಟಿಯಿಲ್ಲದಾಗಲೂ ಬುಟ್ಟಿ ಹೊತ್ತವರಂತೆ ನಡೆಯುವ, ಯಾರಾದರೂ ಕರೆದರೆ ಕತ್ತು ಹೊರಳಿಸದೆ ಇಡೀ ದೇಹವನ್ನೇ ತಿರುಗಿಸುವ ನೀಳಕಾಯದ ಹೆಂಗಸು. ರೈಲ್ವೆ ಗಾರ್ಡ್ ಆಗಿದ್ದ ಗಂಡ ತೀರಿಕೊಂಡ ಮೇಲೆ ಅವನ ಹಿತ್ತಾಳೆ ಗುಂಡಿಗಳ ನೀಲಿ ಕೋಟು ಇವರದಾಯಿತು. ಅಧಿಕಾರಿಗಳ ಜೊತೆ ಮಾತನಾಡುವ ದಿನ, ನೆತ್ತಿ ಸುಡುವ ಬಿಸಿಲಿನಲ್ಲೂ, ಅದನ್ನು ನಿಲುವಂಗಿಯ ಮೇಲೆ ತೊಟ್ಟೇ ಹೊರಡುವರು. ಜೀವಮಾನದಲ್ಲಿ ಮೊದಲ ಬಾರಿಗೆ ಹೇಳುವ ಮಾತಿಗೂ "ಆಗಲೇ ಹೇಳಿದೆನಲ್ಲ" ಎಂದೇ ಆರಂಭ. ಅವರದು ಸೆಕ್ ಮನೆತನ, ನನ್ನದು ಗೇಯ್. ಈ ಎರಡು ಮನೆತನಗಳು ಒಂದನ್ನೊಂದು ಹೊಟ್ಟೆಬಾಕರೆಂದು ತಮಾಷೆಗೆ ಮೂದಲಿಸುವುದು ಅಜ್ಜಂದಿರ ಕಾಲದ ಹಕ್ಕು. ಅದನ್ನವರು ಒಂದು ದಿನವೂ ಬಿಟ್ಟುಕೊಟ್ಟವರಲ್ಲ.

ನಮ್ಮ ಮೀನನ್ನಕ್ಕೆ ನುಚ್ಚೇ ಆಗಬೇಕು. ಮೀನಿನ ಸಾರನ್ನು ನುಚ್ಚು ಹೀರಿಕೊಳ್ಳುವಂತೆ ಇಡೀ ಕಾಳು ಹೀರುವುದಿಲ್ಲ. ಆ ನುಚ್ಚೆಲ್ಲ ಬರುತ್ತಿದ್ದುದು ರಾಜಧಾನಿ ಡಾಕಾರಿನ ಒಬ್ಬ ದೊಡ್ಡ ಆಮದುಗಾರನ ಮೂಲಕ, ಅವನಿಗೆ ತೋಚಿದಾಗ, ಅವನು ಹೇಳಿದ ದರಕ್ಕೆ. ಸಂತೆಯ ಮೂವತ್ತು ಹೆಂಗಸರನ್ನು ಕೂಡಿಸಿ, ನಾವೇ ನೇರವಾಗಿ ತರಿಸೋಣ ಎಂದವರು ಪೆಂದಾ. ನಿವೃತ್ತ ಫ್ರೆಂಚ್ ಮೇಷ್ಟ್ರಾದ ನನ್ನಿಂದ ವಿಯೆಟ್ನಾಮಿನ ಗಿರಣಿಗಳಿಗೆ ಕಾಗದ ಬರೆಸಿದರು. ಮೆಕಾಂಗ್ ನದಿಯ ದಡದ ಕಾಂಥೊ ಊರಿನಿಂದ, ಬಾಲ್ಯದಲ್ಲಿ ಫ್ರೆಂಚ್ ಕಲಿತಿದ್ದ ಥುವಾನ್ ಎಂಬ ಗಿರಣಿ ಮಾಲೀಕ ಉತ್ತರ ಬರೆದ. ಹೋದೆವು.

ಮುತ್ತಿನಂಥ ಇಡೀ ಅಕ್ಕಿಯ ರಾಶಿಗಳನ್ನು ಆತ ಅಭಿಮಾನದಿಂದ ತೋರಿಸುತ್ತಿದ್ದರೆ, ಇವರು ಕೋಟಿನ ಗುಂಡಿ ಹಾಕಿಕೊಂಡು ಅವನ್ನೆಲ್ಲ ದಾಟಿ, ಮೂಲೆಯಲ್ಲಿ ಬಾತುಕೋಳಿಗಳಿಗೆಂದು ಗುಡಿಸಿಟ್ಟಿದ್ದ ನುಚ್ಚಿನ ಮುಂದೆ ನಿಂತು "ಇದು" ಎಂದರು. ಥುವಾನ್ ನನ್ನ ಕಿವಿಯಲ್ಲಿ, ನಿಮ್ಮ ಜನರಿಗೆ ಒಳ್ಳೆಯ ಅಕ್ಕಿ ಕೊಳ್ಳುವ ಶಕ್ತಿಯಿಲ್ಲವೇ ಎಂದು ಕನಿಕರದಿಂದ ಕೇಳಿದ. ವಿವರಿಸುವುದು ದೀರ್ಘವಾದೀತೆಂಬ ಆಲಸ್ಯದಿಂದ ನಾನು ಹೌದೆಂದುಬಿಟ್ಟೆ.

ಮೂರು ಸಲ ನುಚ್ಚು ಸರಿಯಾಗಿ ಬಂತು. ನಾಲ್ಕನೆಯದು ಪ್ರವಾದಿಯವರ ಜನ್ಮದಿನದ ಗಮು ಹಬ್ಬದ ಸರಕು. ನಾಡಿನ ಮೂಲೆಮೂಲೆಯಿಂದ ಭಕ್ತರು ಬಂದು ಕವೊಲಾಕಿನ ಪ್ರತಿ ಮನೆಯಲ್ಲೂ ಉಣ್ಣುವ ಹಬ್ಬ. ಪೆಂದಾ ಮೊದಲ ಮೂಟೆ ಬಿಚ್ಚಿ ತಟ್ಟೆಗೆ ಸುರಿದರು. ಟಣಟಣ. ಎರಡನೆಯದೂ ಹಾಗೆಯೇ, ಹತ್ತನೆಯದೂ ಹಾಗೆಯೇ. ಜೊತೆಗಿದ್ದ ಕಾಗದದಲ್ಲಿ ಥುವಾನ್, ಹಬ್ಬದ ದಿನವಾದರೂ ಸ್ನೇಹಿತರು ಇಡೀ ಅಕ್ಕಿ ಉಣ್ಣಲಿ, ದರ ನುಚ್ಚಿನದೇ ಇರಲಿ ಎಂದು ಬರೆದಿದ್ದ.

"ಯಾರು ತಗೋತಾರೆ ಯಾಯ್ ಇದನ್ನ? ಹೋಟೆಲಿನ ಬಿಳಿಯರನ್ನ ಕರೆದು ಉಣ್ಣಿಸೋಣವಾ?" ಎಂದಳು ದಿಬೋರ್, ಆ ಮೂವತ್ತು ಹೆಂಗಸರಲ್ಲಿ ಚುರುಕು ನಾಲಗೆಯವಳು. ಅವ್ವ ಎಂಬ ಅರ್ಥದಲ್ಲಿ ಪ್ರೀತಿಯಿಂದ ಸಂತೆಯೆಲ್ಲ ಕರೆಯುತ್ತಿದ್ದ ಯಾಯ್ ಎಂಬ ಮಾತು ಆ ದಿನ ಚುಚ್ಚುಮಾತಿನಂತೆ ಕೇಳಿಸಿತು. ಹನ್ನೆರಡು ಮಂದಿ ಗುಂಪು ಬಿಟ್ಟರು.

ಮರುದಿನವೇ ಡಾಕಾರಿನ ಆಮದುಗಾರನ ಕಡೆಯವನೊಬ್ಬ ಬಂದ. ಹೋಟೆಲುಗಳಿಗಾಗಿ ಅಷ್ಟೂ ಮೂಟೆಗಳನ್ನು ಒಳ್ಳೆಯ ಲಾಭ ಕೊಟ್ಟು ಒಯ್ಯುವುದಾಗಿಯೂ, ಪ್ರತಿಯಾಗಿ ಗಿರಣಿಯವನ ವಿಳಾಸ ಕೊಟ್ಟು ಇನ್ನು ಮುಂದೆ ಈ ವ್ಯವಹಾರದಿಂದ ದೂರವಿರಬೇಕೆಂದೂ ಹೇಳಿದ. ಒಪ್ಪಿಕೊಳ್ಳಿ ಎಂದು ನಾನೂ ಬುದ್ಧಿ ಹೇಳಿದೆ. ಪೆಂದಾ ಮೂಟೆಯ ದಾರ ಸುತ್ತಿ ಬದಿಗಿಟ್ಟರು.

"ಆಗಲೇ ಹೇಳಿದೆನಲ್ಲ ಮೇಷ್ಟ್ರೇ, ಆ ಮನುಷ್ಯ ಮೋಸ ಮಾಡಿಲ್ಲ, ಮರ್ಯಾದೆ ಮಾಡಿದಾನೆ. ಮರ್ಯಾದೆ ಮಾಡಿದವನನ್ನ ಹೇಗೆ ಮಾರಲಿ?"

ಸಂಜೆಯೊಳಗೆ ಸಜ್ಜೆ ಬೀಸುವ ಎರಡು ಗಿರಣಿಗಳ ಕಲ್ಲುಗಳನ್ನು ಸಡಿಲಗೊಳಿಸಿ, ಆ ಮುತ್ತಿನಂಥ ಅಕ್ಕಿಯನ್ನು ಒಡೆಸಲು ಆರಂಭಿಸಿದರು. ಒಂಬತ್ತು ದಿನ ಒಡೆದದ್ದು, ಕೇರಿದ್ದು, ಜರಡಿ ಹಿಡಿದದ್ದು. ಪುಡಿಯಾದದ್ದು ಮಕ್ಕಳ ಗಂಜಿಗೆ ಹೋಯಿತು. ಉಳಿದ ಹದಿನೆಂಟು ಮಂದಿಯ ರೆಪ್ಪೆಗಳೆಲ್ಲ ಬೆಳ್ಳಗಾಗಿದ್ದವು. ಹಬ್ಬದ ಮುನ್ನಾದಿನ ಕೊನೆಯ ಮೂಟೆ ಖರ್ಚಾಯಿತು. ಲಾಭವೇನೂ ಉಳಿಯಲಿಲ್ಲ. ಆಮೇಲೆ ಥುವಾನನಿಗೆ ಒಂದೇ ಸಾಲು ಬರೆಸಿದರು: ಬಂದು ಉಂಡು ಹೋಗು.

ಆರು ತಿಂಗಳಿಗೆ ಅವನು ಬಂದೇಬಿಟ್ಟ. ಪೆಂದಾ ಚಾಪೆಯ ನಡುವೆ ಮೀನನ್ನದ ಬೋಗುಣಿಯಿಟ್ಟು, ಮೀನನ್ನು ಬೆರಳಿನಿಂದ ಬಿಡಿಸಿ ಅವನ ಮುಂದೆ ತಳ್ಳಿದರು. ಮೊದಲ ತುತ್ತನ್ನು ಅವನು ಸೌಜನ್ಯಕ್ಕೆ ತಿಂದ. ಎರಡನೆಯದನ್ನು ನಿಧಾನವಾಗಿ ತಿಂದ. ಮೂರನೆಯದಕ್ಕೆ ತಾನೇ ಬೋಗುಣಿಗೆ ಕೈ ಹಾಕಿದ.

"ನಮ್ಮಪ್ಪ ಇದನ್ನ ಬಾತುಕೋಳಿಗೆ ಹಾಕ್ತಿದ್ದ," ಎಂದ ಆಮೇಲೆ. "ನಿಮಗೆ ಮಾರುವಾಗೆಲ್ಲ ನನಗೆ ನಾಚಿಕೆ ಆಗ್ತಿತ್ತು."

ನಾನು ಅನುವಾದಿಸಿದೆ.

"ಬಾತುಕೋಳಿಗಳಿಗೆ ರುಚಿ ಗೊತ್ತಿತ್ತು ಅನ್ನಿ ಮೇಷ್ಟ್ರೇ," ಎಂದರು ಪೆಂದಾ.

ಆಗ ನನ್ನಿಂದ ತಡೆಯಲಾಗಲಿಲ್ಲ. ಅಂದು ಗಿರಣಿಯಲ್ಲಿ ನಮ್ಮ ಬಡತನದ ಮಾತಿಗೆ ಹೌದೆಂದದ್ದನ್ನು ಥುವಾನನಿಗೆ ಫ್ರೆಂಚಿನಲ್ಲಿ, ಪೆಂದಾರಿಗೆ ನಮ್ಮ ಮಾತಿನಲ್ಲಿ ಒಪ್ಪಿಕೊಂಡೆ. ಥುವಾನ್ ತಲೆ ತಗ್ಗಿಸಿ ನಕ್ಕ. ಪೆಂದಾ ನಗಲಿಲ್ಲ. ನನ್ನ ಕಡೆಗೆ ಇಡೀ ದೇಹ ತಿರುಗಿಸಿ ಒಂದು ಗಳಿಗೆ ನೋಡಿದರು. "ಗೇಯ್ ಮನೆತನದವರ ಬಾಯಿ ಉಣ್ಣೋಕೆ ಮಾತ್ರ ತೆರೆಯುತ್ತೆ," ಎಂದು, ದೊಡ್ಡದೊಂದು ಮೀನಿನ ತುಂಡನ್ನು ನನ್ನ ಮುಂದೆ ಸರಿಸಿದರು. ಬೈದಿದ್ದರೆ ನನಗೆ ಅಷ್ಟು ನೋಯುತ್ತಿರಲಿಲ್ಲ.

ಕಾಂಥೊದಲ್ಲಿ ನುಚ್ಚಿಗೆ ಬೇರೆ ಜರಡಿ, ಬೇರೆ ಕೋಣೆಯಾಯಿತು. ಬಿಟ್ಟುಹೋದ ಹನ್ನೆರಡರಲ್ಲಿ ನಾಲ್ವರು ಮರಳಿದರು, ದಿಬೋರ್ ಮೊದಲಿಗಳು, ಉಳಿದವರು ಬರಲಿಲ್ಲ. ಪೆಂದಾ ತೀರಿಕೊಂಡ ಮೇಲೂ ಆ ಹೆಂಗಸರು ಅಲ್ಲಿಂದಲೇ ನುಚ್ಚು ತರಿಸುತ್ತಿದ್ದಾರೆ.

ದೂರದ ಎರಡು ಬಡನಾಡುಗಳು ಒಂದನ್ನೊಂದು ಬಹುಪಾಲು ತಮ್ಮದೇ ಬಡತನದ ಕನ್ನಡಕದಿಂದ ನೋಡುತ್ತವೆ. ಎದುರಿನವನು ಕೇಳಿದ್ದು ಅವನ ಇಷ್ಟವಿರಬಹುದೆಂದು ಯಾರಿಗೂ ಹೊಳೆಯುವುದಿಲ್ಲ. ಪೆಂದಾರಂಥವರು ಪ್ರತಿ ಬಂದರಿನ ಬೆನ್ನಿಗಿರುವ ಸಂತೆಗಳಲ್ಲಿ ಒಬ್ಬಿಬ್ಬರಾದರೂ ಇರುತ್ತಾರೆ. ಅವರಿಗೆ ಭೂಪಟ ಓದಲು ಬರುವುದಿಲ್ಲ, ಪರಭಾಷೆ ಬರುವುದಿಲ್ಲ. ತಮ್ಮ ನಾಲಗೆಗೆ ಹಿತವಾದದ್ದನ್ನು ಲೋಕದ ಮುಂದೆ ಸಂಕೋಚವಿಲ್ಲದೆ ಕೇಳುವುದು ಮಾತ್ರ ಬರುತ್ತದೆ. ಅಷ್ಟು ಬಲ್ಲವರ ಊರಿಗೆ ಹಡಗು ದಾರಿ ತಪ್ಪದೆ ಬರುತ್ತದೆ.